ಬೋರ್ಡು ಏರುವವರೆಗೂ ಮುಸುಕು

ಆ ಬೋರ್ಡು ಕಾರ್ಖಾನೆಯಲ್ಲಿ ಕಾನೂನು ಅಂತ ಇದ್ದದ್ದು ಒಂದೇ. ಕಾರ್ಖಾನೆ ಅಂದರೆ ದೊಡ್ಡದೇನೂ ಅಲ್ಲ, ಬೀದಿಗೆ ಮುಖ ಮಾಡಿದ ಒಂದು ಕೋಣೆ, ಅದರ ಹಿಂದೆ ತಗಡು ಹೊದಿಸಿದ ಒಂದು ಚಪ್ಪರ, ಅಷ್ಟೆ. ತಯಾರಾದ ಬೋರ್ಡನ್ನು ಕೋರಾ ಬಟ್ಟೆಯಲ್ಲಿ ಸುತ್ತಿ ಸೆಣಬಿನ ದಾರದಿಂದ ಬಿಗಿದು ಗಂಟು ಹಾಕಬೇಕು. ಅದು ಗಿರಾಕಿಯ ಗೋಡೆ ಏರಿ, ಗಿರಾಕಿಯೇ ಕತ್ತರಿ ಹಿಡಿದು ದಾರ ಕತ್ತರಿಸುವವರೆಗೂ ಆ ಮುಸುಕನ್ನು ಯಾರೂ ತೆಗೆಯುವ ಹಾಗಿಲ್ಲ. ಹಿಂದೆ ಅಪ್ಪನ ಕಾಲದಲ್ಲಿ ಎದುರುಬದುರಿನ ಎರಡು ಅಂಗಡಿಗಳ ಬೋರ್ಡು ಒಂದೇ ವಾರ ತಯಾರಾಗಿ, ಒಬ್ಬನ ಹೊಸ ಹೆಸರನ್ನು ಇನ್ನೊಬ್ಬ ಇಣುಕಿ ನೋಡಿ, ರಾತ್ರೋರಾತ್ರಿ ತನ್ನದಾಗಿಸಿಕೊಂಡು ದೊಡ್ಡ ರಂಪವಾಗಿತ್ತು. ಮಾತು ಮನೆ ಕೆಡಿಸಿತು ಅನ್ನುವುದನ್ನು ಅಪ್ಪ ಅವತ್ತು ಕಣ್ಣಾರೆ ಕಂಡರು. ಅಲ್ಲಿಂದ ಈ ಮುಸುಕು ಬಂತು.

ಅಪ್ಪ ಹೋದ ಮೇಲೆ ಕಾರ್ಖಾನೆ ಅಕ್ಕ ತಮ್ಮ ಇಬ್ಬರ ಕೈಗೆ ಬಂತು. ಅಕ್ಕನನ್ನು ಬೀದಿಯವರೆಲ್ಲ ಅಕ್ಕ ಎಂದೇ ಕರೆಯುತ್ತಿದ್ದರು, ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರೂ ಸಹ. ಅಕ್ಷರ ಬಿಡಿಸುವುದು, ಬಣ್ಣ ಹೊಂದಿಸುವುದು, ಗಿರಾಕಿಯ ಹತ್ತಿರ ಮಾತಾಡುವುದು ಅವಳ ಪಾಲು. ತಮ್ಮ ಗರಗಸದವನು. ಹಿತ್ತಾಳೆಯ ತಗಡಿನಿಂದ, ಮರದ ಹಲಗೆಯಿಂದ ಅಕ್ಷರಗಳನ್ನು ಕೈಯಿಂದಲೇ ಕೊಯ್ದು ತೆಗೆಯುತ್ತಿದ್ದ. ಇಪ್ಪತ್ತೆರಡು ವರ್ಷ ಹಾಗೆ ಕೊಯ್ದು ಕೊಯ್ದು ಅವನ ಬಲಗೈ ಮಣಿಕಟ್ಟು ಕೈಕೊಟ್ಟಿತ್ತು. ಚಹಾದ ಲೋಟವನ್ನು ಬಲಗೈಯಲ್ಲಿ ಎತ್ತಿ, ಅರ್ಧದಲ್ಲಿ ಎಡಗೈಗೆ ದಾಟಿಸುತ್ತಿದ್ದ. ಯಾರೂ ನೋಡಿಲ್ಲ ಅಂತ ಅವನ ಲೆಕ್ಕ. ಅಕ್ಕ ಪ್ರತಿ ಸಲವೂ ನೋಡುತ್ತಿದ್ದಳು. ಹೀಗೇ ಗರಗಸ ಹಿಡಿದರೆ ಬೆರಳುಗಳು ಮರಗಟ್ಟುತ್ತವೆ, ಆಮೇಲೆ ನನ್ನ ಹತ್ತಿರ ಬಂದು ಪ್ರಯೋಜನವಿಲ್ಲ ಎಂದು ಡಾಕ್ಟರು ಮುಖದ ಮೇಲೆ ಹೊಡೆದ ಹಾಗೆ ಹೇಳಿದ್ದರು. ಕೊಯ್ಯುವ ಯಂತ್ರವೊಂದು ಬಂದರೆ ಆ ಕೈ ಉಳಿಯುತ್ತಿತ್ತು. ಯಂತ್ರದ ಬೆಲೆ ಕೇಳಿದ ದಿನ ಇಬ್ಬರೂ ಮನೆವರೆಗೆ ಮಾತಾಡದೆ ನಡೆದುಬಂದಿದ್ದರು.

ಷೇರಿನ ಸುದ್ದಿ ಮನೆಗೆ ಬಂದದ್ದು ಹಾಗೆ. ತಂದವನು ತಮ್ಮ. ತಡೆದವರು ಚಿಕ್ಕಮ್ಮ.

ಚಿಕ್ಕಮ್ಮ ಅಂದರೆ ಅಮ್ಮನ ತಂಗಿ. ಟೆಲಿಫೋನ್ ಕಚೇರಿಯಲ್ಲಿ ಜೀವಮಾನವೆಲ್ಲ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಇವರ ಲೈನನ್ನು ಅವರಿಗೆ, ಅವರ ಲೈನನ್ನು ಇವರಿಗೆ ಜೋಡಿಸಿ ನಿವೃತ್ತರಾದವರು. ಮದುವೆಯ ಗೋಜಿಗೆ ಹೋಗಲಿಲ್ಲ. ಯಾಕೆ ಅಂತ ಕೇಳಿದರೆ, ಊರಿನ ಅಷ್ಟೂ ಗಂಡ ಹೆಂಡಿರ ಮಾತು ಕೇಳಿದ ಮೇಲೆ ನನಗೆ ಧೈರ್ಯ ಬರಲಿಲ್ಲ ಅನ್ನುತ್ತಿದ್ದರು. ಯಂತ್ರಕ್ಕಾಗಿ ಕೂಡಿಟ್ಟದ್ದರಲ್ಲಿ ಮುಕ್ಕಾಲು ಪಾಲು ಅವರ ನಿವೃತ್ತಿಯ ಹಣ, ಹಾಗಾಗಿ ಅವರ ಮಾತಿಗೆ ತೂಕವೂ ಮುಕ್ಕಾಲು ಪಾಲು. ಅರ್ಧ ಹಣ ಬ್ಯಾಂಕಿನಿಂದ ಅಲುಗಾಡಕೂಡದು, ಉಳಿದರ್ಧ ಏನಾದರೂ ಮಾಡಿಕೊಳ್ಳಿ, ಕಳೆದುಹೋದರೂ ಊಟ ಮಾಡಿ ಮಲಗುವಷ್ಟು ಮಾತ್ರ ಷೇರು ಪೇಟೆಗೆ ಕಳಿಸಿ ಎಂದು ಅವರು ತೀರ್ಪು ಕೊಟ್ಟರು. ಜೊತೆಗೆ ಇನ್ನೊಂದು ಷರತ್ತು. ಯಾವ ಕಂಪನಿಯ ಬೋರ್ಡನ್ನು ಸ್ವಂತ ಮನೆ ಬಾಗಿಲಿಗೆ ಹಾಕಿಕೊಳ್ಳಲು ನಾಚಿಕೆಯಾಗುತ್ತದೋ, ಆ ಕಂಪನಿಯ ಷೇರು ಬೇಡ. ಫೋನಿನಲ್ಲೇ ಸಾಲ ಕೊಟ್ಟು, ತೀರಿಸದವರ ನೆಂಟರಿಷ್ಟರಿಗೆಲ್ಲ ಕರೆ ಮಾಡಿ ಮಾನ ಕಳೆಯುವ ಒಂದು ಕಂಪನಿ ಆಗ ಗಗನಕ್ಕೇರುತ್ತಿತ್ತು, ತಮ್ಮನಿಗೆ ಅದರ ಮೇಲೆ ಕಣ್ಣಿತ್ತು. ಷರತ್ತು ಕೇಳಿ ಅವನ ಮುಖ ಇಳಿದುಹೋಯಿತು.

ಮೊದಲ ಸಲ ಕೊಂಡ ದಿನವನ್ನು ನೆನೆದರೆ ಅಕ್ಕನಿಗೆ ಈಗಲೂ ನಗು. ತಮ್ಮ ಕೈಗೆ ಸೋಪು ಹಚ್ಚಿ ಬಣ್ಣವನ್ನೆಲ್ಲ ತೊಳೆದು ಬಂದ. ಚಿಕ್ಕಮ್ಮ ಕನ್ನಡಕ ಒರೆಸಿಕೊಂಡು ಹಿಂದೆ ನಿಂತರು. ಕಾರ್ಖಾನೆಯ ಫೋನನ್ನು ಮೇಜಿನ ಮೇಲಿಟ್ಟು ಮೂವರೂ ಬಗ್ಗಿ, ಬರೋಬ್ಬರಿ ಎರಡು ಷೇರು ಕೊಂಡರು. ಎರಡೇ. ಹತ್ತು ಕೊಳ್ಳಲು ಧೈರ್ಯವಿಲ್ಲ, ಒಂದು ಕೊಂಡರೆ ಆ ಕಡೆಯವರು ಏನು ತಿಳಿದುಕೊಂಡಾರೋ ಎಂಬ ಸಂಕೋಚ. ಕೊಂಡಾದ ಮೇಲೆ ಏನೋ ಘನಕಾರ್ಯ ಮಾಡಿದವರ ಹಾಗೆ ಚಹಾ ಕುಡಿದರು.

ಆಮೇಲೆ ಧೈರ್ಯ ಬಂತು. ಧೈರ್ಯದ ಜೊತೆ ತಪ್ಪೂ ಬಂತು, ಅದೂ ಬೋರ್ಡು ಮಾಡುವವರು ಮಾತ್ರ ಮಾಡಬಹುದಾದ ತಪ್ಪು. ಅವರು ಕಂಪನಿಗಳನ್ನು ಬೋರ್ಡು ನೋಡಿ ಆರಿಸತೊಡಗಿದರು. ಬೇರೆಯವರು ಲಾಭ ನಷ್ಟದ ಪುಟ ತಿರುವುತ್ತಾರೆ, ಇವರು ಬೀದಿಯಲ್ಲಿ ನಿಂತು ಕತ್ತೆತ್ತಿ ನೋಡುತ್ತಿದ್ದರು. ಅಕ್ಷರದ ಅಂಚು ನುಣುಪಾಗಿದೆಯೇ, ಹಿಂದಿನ ದೀಪಗಳಲ್ಲಿ ಕೆಟ್ಟದ್ದನ್ನು ಬದಲಾಯಿಸಿದ್ದಾರೆಯೇ, ಮೊಳೆ ತುಕ್ಕು ಹಿಡಿದಿದೆಯೇ. ಬೋರ್ಡನ್ನು ಅಷ್ಟು ಚೆನ್ನಾಗಿ ನೋಡಿಕೊಳ್ಳುವವನು ವ್ಯಾಪಾರವನ್ನು ಬಿಟ್ಟಾನೆಯೇ ಎನ್ನುವುದು ತಮ್ಮನ ವಾದ. ಹೀಗೆ ಐದು ಕಂಪನಿ ಆರಿಸಿದರು. ಐದರಲ್ಲೂ ಹೆಚ್ಚು ಹಣ ಸುರಿದದ್ದು ಪಾದರಕ್ಷೆಗಳ ಒಂದು ದೊಡ್ಡ ಕಂಪನಿಗೆ. ಅದರ ಅಂಗಡಿಗಳ ಬೋರ್ಡುಗಳನ್ನೆಲ್ಲ ಮಾಡಿಕೊಟ್ಟವರು ಇವರೇ ತಾನೆ. ಹಿತ್ತಾಳೆಯ ಅಕ್ಷರ, ಒಂದೊಂದೂ ತಮ್ಮನ ಕೈಯಿಂದ ಇಳಿದದ್ದು. ಆ ಕಂಪನಿಯವರು ಯಾವತ್ತೂ ಚೌಕಾಸಿ ಮಾಡಿದವರಲ್ಲ. ಹೊರಗೆ ಥಳುಕು ಒಳಗೆ ಹುಳುಕು ಅನ್ನುವ ಗಾದೆ ಇಬ್ಬರಿಗೂ ಬಾಯಿಪಾಠವಾಗಿತ್ತು. ಆದರೆ ಥಳುಕು ಸ್ವಂತ ಕೈಯದಾದಾಗ ಗಾದೆ ಯಾರಿಗೆ ನೆನಪಾಗುತ್ತದೆ ಹೇಳಿ.

ಒಂದು ವರ್ಷ ಚೆನ್ನಾಗಿಯೇ ಹೋಯಿತು. ಪಾದರಕ್ಷೆಯ ಷೇರು ಏರಿತು. ತಮ್ಮ ಯಂತ್ರ ಇಡಲು ಚಪ್ಪರದ ಮೂಲೆಯಲ್ಲಿ ಸಿಮೆಂಟಿನ ಕಟ್ಟೆ ಕಟ್ಟಿಸಿಯೇಬಿಟ್ಟ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಎಂದು ಚಿಕ್ಕಮ್ಮ ಗೊಣಗಿದರು.

ಹೀಗಿರುವಾಗ ಒಂದು ಬುಧವಾರ ಮಧ್ಯಾಹ್ನ ಆ ಕಂಪನಿಯ ಕಟ್ಟಡಗಳ ಮೇನೇಜರು ಬಂದರು. ತುಂಬಾ ಎತ್ತರದ ಮನುಷ್ಯ, ಬಾಗಿಲಲ್ಲಿ ತಲೆ ಬಗ್ಗಿಸಿಯೇ ಬರಬೇಕು, ಅಕ್ಕ ತಮ್ಮ ತಮ್ಮೊಳಗೆ ಅವರನ್ನು ಏಣಿ ಸಾಹೇಬರು ಅನ್ನುತ್ತಿದ್ದರು. ಅವತ್ತು ಅವರು ಕೂರಲಿಲ್ಲ. ಬಾಗಿಲು ಎಳೆದುಕೊಂಡು, ಈ ಸಲ ಬೋರ್ಡು ಮಾಡುವುದಲ್ಲ, ಇಳಿಸುವುದು ಎಂದರು. ಅರ್ಧಕ್ಕರ್ಧ ಅಂಗಡಿಗಳು ಮುಚ್ಚುತ್ತವೆ. ಅಂಥ ಒಂದೊಂದಕ್ಕೂ ಬಾಡಿಗೆಗೆ ಇದೆ ಎಂಬ ಸಾದಾ ಬೋರ್ಡು ಬೇಕು. ಬರುವ ಸೋಮವಾರ ಬೆಳಿಗ್ಗೆ ಕಂಪನಿಯೇ ಎಲ್ಲರಿಗೂ ತಿಳಿಸುತ್ತದೆ. ಅಲ್ಲಿಯವರೆಗೆ ಅಂಗಡಿಗಳಲ್ಲಿ ಕೆಲಸ ಮಾಡುವವರಿಗೂ ಇದು ಗೊತ್ತಿಲ್ಲ, ಗೊತ್ತಾಗಲೂಬಾರದು.

"ನಿಮ್ಮ ಮುಸುಕಿನ ಮೇಲೆ ನಂಬಿಕೆ ಇದೆ ಅಂತಾನೇ ಇಲ್ಲಿಗೆ ಬಂದಿದ್ದು" ಅಂದರು ಅವರು.

ಅಕ್ಕ ಎಂದಿನಂತೆ, ಬೋರ್ಡು ಏರುವವರೆಗೂ ಮುಸುಕು ತೆಗೆಯುವುದಿಲ್ಲ ಎಂದು ಮಾತು ಕೊಟ್ಟಳು. ಸಾವಿರ ಸಲ ಕೊಟ್ಟಿದ್ದ ಮಾತು, ಬಾಯಿ ತಾನಾಗಿ ಆಡಿತು. ಏಣಿ ಸಾಹೇಬರು ತಲೆ ಬಗ್ಗಿಸಿ ಹೊರಗೆ ಹೋದರು. ಆಮೇಲೆ ಅಕ್ಕ ತಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಬ್ಬರ ಕಣ್ಣೂ ಸಿಮೆಂಟಿನ ಕಟ್ಟೆಯ ಕಡೆ ಹೋಯಿತು.

ಮಾರನೆಯ ದಿನ ಬೆಳಿಗ್ಗೆ ತಮ್ಮ ಬಾಯಿಬಿಟ್ಟ. ಇವತ್ತೇ ಮಾರಿಬಿಡೋಣ ಅಂದ. ಕಳ್ಳತನ ಮಾಡಿ ಕೊಂಡ ಷೇರಲ್ಲ, ಬೆವರಿನ ದುಡ್ಡು. ಸುದ್ದಿಯನ್ನು ನಾವು ಹುಡುಕಿಕೊಂಡು ಹೋಗಲಿಲ್ಲ, ಅದೇ ಬಾಗಿಲಿಗೆ ಬಂತು. ದೊಡ್ಡ ದೊಡ್ಡವರು ಹೊತ್ತಾರೆ ಎದ್ದು ಮಾಡುವುದೇ ಇದನ್ನಲ್ಲವೇ. ಅಕ್ಕನಿಗೆ ಖಾತೆ ತೆರೆಯುವಾಗ ಓದಿದ ಪುಟ ನೆನಪಿತ್ತು. ಎಲ್ಲರಿಗೂ ಗೊತ್ತಿಲ್ಲದ ಒಳಸುದ್ದಿ ಹಿಡಿದುಕೊಂಡು ಮಾರುವುದೂ ಕೊಳ್ಳುವುದೂ ಕಾನೂನಿಗೆ ವಿರುದ್ಧ ಅಂತ ಅಲ್ಲಿ ಸ್ಪಷ್ಟವಾಗಿ ಇತ್ತು. ಅದನ್ನು ಹೇಳಿದ್ದಕ್ಕೆ, ನಮ್ಮಂಥ ಇರುವೆಗಳನ್ನು ಯಾರು ಎಣಿಸುತ್ತಾರೆ ಅಂದ. ಅದೂ ಸುಳ್ಳಲ್ಲ ಅನ್ನಿಸಿತು ಅವಳಿಗೆ.

"ಹಗಲು ಕಂಡ ಬಾವೀಲಿ ಇರುಳು ಬೀಳ್ತಾರಾ ಅಕ್ಕಾ?" ಅಂದ ತಮ್ಮ. ಅಂದು, ಅರಿವಿಲ್ಲದೆಯೇ ಎಡಗೈಯಿಂದ ಬಲಗೈ ಮಣಿಕಟ್ಟನ್ನು ಹಿಡಿದುಕೊಂಡ.

ಆ ಕೈ ನೋಡಿ ಅಕ್ಕನ ಮನಸ್ಸು ಕರಗಿಹೋಯಿತು. ಮರೆಮಾಚುವುದೇಕೆ, ಅವಳು ಮಾರಲೆಂದೇ ಕೂತಳು. ತಮ್ಮ ಹಿಂದೆ ಚಪ್ಪರದಲ್ಲಿ ಹಲಗೆ ಇಳಿಸುತ್ತಿದ್ದಾಗ ಮೇಜಿನ ಖಾನೆಯಿಂದ ಫೋನು ತೆಗೆದು, ಪಾದರಕ್ಷೆಯ ಕಂಪನಿಯನ್ನು ಹುಡುಕಿ, ಇದ್ದಷ್ಟೂ ಷೇರಿನ ಸಂಖ್ಯೆ ತುಂಬಿದಳು. ಇನ್ನು ಒತ್ತುವುದೊಂದೇ ಬಾಕಿ. ಒಂದೇ ಒಂದು ಸಲ ಬೆರಳೂರಿದರೆ ತಮ್ಮನ ಕೈ ಉಳಿಯುತ್ತದೆ. ಅಪ್ಪ ಇದ್ದಿದ್ದರೆ ಏನನ್ನುತ್ತಿದ್ದರು ಅಂತ ಯೋಚಿಸಬಾರದು ಎಂದುಕೊಂಡು, ಅದನ್ನೇ ಯೋಚಿಸಿದಳು.

ಪರದೆಯ ಕೆಳಗಡೆ, ಈ ಷೇರನ್ನು ಕೊಳ್ಳಲು ಆ ಕಡೆ ಕಾದು ನಿಂತವರ ಪಟ್ಟಿ ಇತ್ತು. ಹೆಸರಿಲ್ಲ, ಊರಿಲ್ಲ, ಯಾರಿಗೆ ಎಷ್ಟು ಬೇಕು ಅನ್ನುವುದು ಮಾತ್ರ. ಅಕ್ಕ ಅದನ್ನು ಅಷ್ಟು ದಿನ ನೋಡಿಯೇ ಇರಲಿಲ್ಲ. ಕೆಳಗೆ ಐನೂರು ಬೇಕಾದವರು ಇದ್ದರು, ಸಾವಿರ ಬೇಕಾದವರೂ ಇದ್ದರು. ಎಲ್ಲರಿಗಿಂತ ಮೇಲೆ, ಎಲ್ಲರಿಗಿಂತ ಒಳ್ಳೆಯ ಬೆಲೆ ಹೇಳಿ, ಒಬ್ಬರು ನಿಂತಿದ್ದರು. ಅವರಿಗೆ ಬೇಕಾದದ್ದು ಎರಡು.

ಎರಡು ಷೇರನ್ನು ಯಾರು ಕೊಳ್ಳುತ್ತಾರೆ ಅನ್ನುವುದು ಅಕ್ಕನಿಗೆ ಗೊತ್ತಿತ್ತು. ಸೋಪು ಹಚ್ಚಿ ಕೈ ತೊಳೆದವರು ಕೊಳ್ಳುತ್ತಾರೆ. ಹಿಂದೆ ಒಬ್ಬರು ಚಿಕ್ಕಮ್ಮ ಕನ್ನಡಕ ಒರೆಸಿಕೊಂಡು ನಿಂತಿರುತ್ತಾರೆ. ಒಂದು ಕೊಂಡರೆ ಏನು ತಿಳಿದುಕೊಂಡಾರೋ ಅಂತ ಸಂಕೋಚಪಟ್ಟವರು ಕೊಳ್ಳುತ್ತಾರೆ. ಅವರು ಬೀದಿಯಲ್ಲಿ ನಿಂತು ಹೊಳೆಯುವ ಹಿತ್ತಾಳೆಯ ಅಕ್ಷರ ನೋಡಿಯೇ ಈ ಕಂಪನಿಯನ್ನು ಆರಿಸಿರಬಹುದು, ಯಾರಿಗೆ ಗೊತ್ತು. ಅಕ್ಕನ ಕಣ್ಣು ಮಂಜಾಯಿತು. ಫೋನನ್ನು ಬೋರಲು ಹಾಕಿ ಎದ್ದುಬಿಟ್ಟಳು.

ತಮ್ಮನಿಗೆ ಇದನ್ನು ಹೇಳಿದಾಗ ಅವನು ಸಿಟ್ಟಾದ. ನೀನು ಮಾರದಿದ್ದರೆ ಅವನೇನು ಉಳಿದುಕೊಳ್ಳುವುದಿಲ್ಲ, ಇನ್ಯಾರೋ ಮಾರುತ್ತಾರೆ, ಅವನು ಕೊಂಡೇ ಕೊಳ್ಳುತ್ತಾನೆ ಅಂದ. ಹೋಗುವುದು ನಮ್ಮ ಯಂತ್ರ ಮಾತ್ರ. ಆ ಮಾತಿನಲ್ಲಿ ಹುರುಳಿತ್ತು.

"ಇನ್ಯಾರೋ ಗೊತ್ತಿಲ್ದೆ ಮಾರಿದ್ರೆ ಅದು ವ್ಯಾಪಾರ" ಅಂದಳು ಅಕ್ಕ. "ನಾನು ಗೊತ್ತಿದ್ದೂ ಮಾರಿದ್ರೆ ಅದಲ್ಲ. ಹಗಲು ಕಂಡ ಬಾವೀಲಿ ನಾವು ಬೀಳೋದು ಬೇಡ ಸರಿ. ಹಾಗಂತ ಕಾಣದೇ ಇರೋರನ್ನ ಕೈ ಹಿಡಿದು ಅದಕ್ಕೇ ತಳ್ಳೋದಾ?"

ತಮ್ಮ ಗರಗಸವನ್ನು ಗೋಡೆಯ ಮೊಳೆಗೆ ನೇತುಹಾಕಿ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಬಾಗಿಲು ಬಡಿದ ರಭಸಕ್ಕೆ ಬಣ್ಣದ ಡಬ್ಬಿಯ ಮುಚ್ಚಳವೊಂದು ಕೆಳಗೆ ಬಿತ್ತು.

ಸಂಜೆ ಅಕ್ಕ ಚಿಕ್ಕಮ್ಮನ ಪಕ್ಕ ಕೂತಳು. ಹೇಳಬೇಕು, ಹೇಳುವ ಹಾಗಿಲ್ಲ. ಮುಸುಕು ಅಂದರೆ ಮನೆಯವರಿಗೂ ಮುಸುಕೇ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ನೀವು ಕೆಲಸದಲ್ಲಿದ್ದಾಗ ಲೈನಿನಲ್ಲಿ ಏನೇನೋ ಕಿವಿಗೆ ಬೀಳುತ್ತಿತ್ತಲ್ಲ, ಅದರಿಂದ ಒಂದು ಲಾಭ ಆಗುವ ಹಾಗಿದ್ದರೆ ಏನು ಮಾಡುತ್ತಿದ್ದಿರಿ ಅಂತ ಕೇಳಿದಳು. ಚಿಕ್ಕಮ್ಮ ಅವಳ ಮುಖವನ್ನು ಒಂದು ಕ್ಷಣ ನೋಡಿದರು. ಮೂವತ್ತು ವರ್ಷ ಬರೀ ದನಿ ಕೇಳಿಯೇ ಮನುಷ್ಯರನ್ನು ಅಳೆದವರು, ಮುಂದೆ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ.

ಎಲ್ಲವೂ ಬೀಳುತ್ತಿತ್ತು ಎಂದರು. ಯಾವ ರಸ್ತೆ ಅಗಲವಾಗುತ್ತದೆ, ಯಾವ ಮನೆ ಹರಾಜಿಗೆ ಬರುತ್ತದೆ, ಯಾರ ಮಗಳ ಮದುವೆ ಮುರಿಯುತ್ತದೆ. ಪಾಳಿ ಮುಗಿದ ಮೇಲೆ ಕಿವಿಯ ಯಂತ್ರವನ್ನು ಕೊಕ್ಕೆಗೆ ಸಿಕ್ಕಿಸಿ ಎದ್ದರೆ, ಕೇಳಿದ್ದೆಲ್ಲ ಅಲ್ಲೇ ಕೊಕ್ಕೆಯ ಮೇಲೆ. ಅದನ್ನು ಮನೆಗೆ ತಂದ ದಿನ ಮಾರನೆಯ ಬೆಳಿಗ್ಗೆ ಯಾರ ಲೈನನ್ನು ಯಾವ ಮುಖ ಇಟ್ಟುಕೊಂಡು ಜೋಡಿಸಬೇಕಿತ್ತು ಎಂದರು. ಆಮೇಲೆ ಅಕ್ಕನ ತಲೆಯ ಮೇಲೆ ಕೈಯಿಟ್ಟರು.

"ನೀನು ಏನು ಮಾಡ್ತೀಯೋ ನನಗೆ ಗೊತ್ತಿಲ್ಲ, ಗೊತ್ತಾಗೋದೂ ಬೇಡ. ನನ್ನ ದುಡ್ಡಿನ ಮುಖ ನೋಡಿ ಮಾತ್ರ ಮಾಡಬೇಡ. ದುಡ್ಡಿಗೆ ಮುಖ ಇಲ್ಲ ಕಣೇ, ನಿನಗೆ ಇದೆ."

ಅಕ್ಕ ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದಳು.

ಶುಕ್ರವಾರ ಬೆಳಿಗ್ಗೆ ಕಾರ್ಖಾನೆಗೆ ಬಂದು ಖಾನೆ ಎಳೆದರೆ ಫೋನಿಲ್ಲ. ತಮ್ಮ ಆಗಲೇ ಯಾವುದೋ ಔಷಧದ ಅಂಗಡಿಗೆ ಬೋರ್ಡು ಏರಿಸಲು ಹೋಗಿದ್ದ. ಅಕ್ಕ ಮೇಜಿನ ಕೆಳಗೆ ಹುಡುಕಿದಳು, ಚಪ್ಪರದಲ್ಲಿ ಹುಡುಕಿದಳು, ಬಟ್ಟೆಯ ರಾಶಿಯನ್ನು ಕೊಡವಿದಳು. ಷೇರಿನ ಖಾತೆ ಇದ್ದದ್ದು ಆ ಫೋನಿನಲ್ಲಿ ಮಾತ್ರ. ಅಕ್ಕನ ಸ್ವಂತದ್ದು ಗುಂಡಿ ಒತ್ತುವ ಹಳೆಯ ಫೋನು, ಅದರಲ್ಲಿ ಷೇರು ಹಾಗಿರಲಿ, ಗಡಿಯಾರವೂ ನೆಟ್ಟಗಿರಲಿಲ್ಲ. ತಮ್ಮ ಫೋನು ತೆಗೆದುಕೊಂಡು ಹೋಗಿದ್ದಾನೆ ಅಂದರೆ ಯಾಕೆ ಅಂತ ಬಿಡಿಸಿ ಹೇಳಬೇಕೇ. ಪೇಟೆ ತೆರೆದಿದೆ, ಮಧ್ಯಾಹ್ನ ಮೂರೂವರೆಯವರೆಗೆ ತೆರೆದಿರುತ್ತದೆ. ಅವನೇನು ಅವಳ ಹಾಗೆ ಕೊಳ್ಳುವವರ ಪಟ್ಟಿ ನೋಡುತ್ತಾ ಕೂರುವವನಲ್ಲ.

ಮಧ್ಯಾಹ್ನ ಅವನು ಬಂದ. ಫೋನೆಲ್ಲಿ ಅಂತ ಅಕ್ಕ ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದಲ್ಲ, ಆ ಉತ್ತರಕ್ಕೇ ಅವಳು ಹೆದರಿದ್ದು. ಅವನೂ ಆ ಸುದ್ದಿ ಎತ್ತಲಿಲ್ಲ. ಇಬ್ಬರೂ ಅಕ್ಕಪಕ್ಕ ನಿಂತು ಬಾಡಿಗೆಗೆ ಇದೆ, ಬಾಡಿಗೆಗೆ ಇದೆ ಅಂತ ಒಂದರ ಮೇಲೊಂದು ಬೋರ್ಡು ಮಾಡಿದರು. ಬೇಕಾದಷ್ಟೇ ಮಾತು. ಆ ಡಬ್ಬಿ ಕೊಡು, ಈ ತುದಿ ಹಿಡಿ. ಕಾರ್ಖಾನೆಯ ಫೋನು ಆಫ್ ಆಗಿದೆ ಅಂತ ಮೂರು ಜನ ಗಿರಾಕಿಗಳು ಅಕ್ಕನ ಹಳೆಯ ಫೋನಿಗೆ ಕರೆ ಮಾಡಿ ಬೈದರು.

ಶನಿವಾರ ಭಾನುವಾರ ಪೇಟೆ ಮುಚ್ಚಿರುತ್ತದೆ, ಆದರೆ ಕೆಲಸ ಮುಚ್ಚಲಿಲ್ಲ. ತಮ್ಮ ಮಣಿಕಟ್ಟಿಗೆ ಪಟ್ಟಿ ಬಿಗಿದುಕೊಂಡು ಹಲಗೆ ಕೊಯ್ದ. ಅಕ್ಕ ಅವನನ್ನು ನೋಡುತ್ತಾ, ಮಾರಿದ್ದರೂ ಇವನನ್ನು ದೂರಲು ನನಗೆ ಬಾಯಿ ಬರುವುದಿಲ್ಲ ಎಂದುಕೊಂಡಳು. ನಾನೂ ಬೆರಳು ಎತ್ತಿದವಳೇ. ಎರಡು ಅನ್ನುವ ಸಂಖ್ಯೆ ಕಾಣದೇ ಹೋಗಿದ್ದರೆ ಗುರುವಾರವೇ ಎಲ್ಲ ಮುಗಿದಿರುತ್ತಿತ್ತು. ಆದರೂ ಎದೆಯಲ್ಲಿ ಒಂದು ಕಲ್ಲು ಕೂತಿತ್ತು. ಅದು ಯಂತ್ರದ ಚಿಂತೆಯಲ್ಲ. ಇನ್ನು ಮುಂದೆ ಒಂದು ಬೋರ್ಡಿಗೆ ಮುಸುಕು ಹೊದಿಸಿ ಗಂಟು ಹಾಕುವಾಗ, ಇದೆಲ್ಲ ಬರೀ ನಾಟಕ ಅಂತ ಇಬ್ಬರಿಗೂ ಗೊತ್ತಿರುತ್ತದಲ್ಲ ಎಂಬ ಸಂಕಟ.

ಸೋಮವಾರ ಬೆಳಿಗ್ಗೆ ಎದುರಿನ ಚಹಾದಂಗಡಿಯ ಟೀವಿಯಲ್ಲಿ ಸುದ್ದಿ ಬಂತು. ಪಾದರಕ್ಷೆಯ ಕಂಪನಿ ಅರ್ಧ ಅಂಗಡಿಗಳನ್ನು ಮುಚ್ಚುತ್ತಿದೆ. ಸ್ವಲ್ಪ ಹೊತ್ತಿಗೆ ಷೇರು ಬಿದ್ದ ಸುದ್ದಿಯೂ ಬಂತು. ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಅಕ್ಕ ಲೋಟ ಕೆಳಗಿಟ್ಟು ಒಳಗೆ ಬಂದಳು.

ತಮ್ಮ ಬಣ್ಣದ ಬೀರುವಿನ ಮುಂದೆ ನಿಂತಿದ್ದ. ಬೀರುವಿನ ಬೀಗ ತೆಗೆದು, ಕೆಂಪು ಬಣ್ಣದ ಡಬ್ಬಿಗಳ ಹಿಂದಿನಿಂದ ಒಂದು ಸಣ್ಣ ಪೊಟ್ಟಣ ಎತ್ತಿ ಮೇಜಿನ ಮೇಲಿಟ್ಟ. ಕೋರಾ ಬಟ್ಟೆ, ಸೆಣಬಿನ ದಾರ, ಅಪ್ಪ ಹಾಕುತ್ತಿದ್ದ ಗಂಟು. ಗಂಟಿನ ಮೇಲೆ ಯಾವಾಗಲೋ ಬಿದ್ದ ಕೆಂಪು ಬಣ್ಣದ ತೊಟ್ಟೊಂದು ಒಣಗಿ ದಾರಕ್ಕೆ ಅಂಟಿಹೋಗಿತ್ತು.

"ಏನೋ ಇದು?" ಅಂದಳು ಅಕ್ಕ, ಗೊತ್ತಾಗಿದ್ದರೂ.

"ಫೋನು. ಗುರುವಾರ ನೀನು ಮನೆಗೆ ಹೋದ ಮೇಲೆ ವಾಪಸ್ ಬಂದೆ, ಬೆಳಿಗ್ಗೆ ಪೇಟೆ ತೆರೆದ ತಕ್ಷಣ ಮಾರೋಣ ಅಂತ ಫೋನು ತಗೊಳ್ಳೋಕೇ ಬಂದೆ" ಅಂದ ತಮ್ಮ. "ನಿನ್ನ ಬಾವಿ ಮಾತು ತಲೇಲಿ ಕೊರೀತಿತ್ತು. ಹಾಗಂತ ನನ್ನ ಕೈ ಮೇಲೆ ನನಗೇ ನಂಬಿಕೆ ಇರಲಿಲ್ಲ. ಅದಕ್ಕೇ ಆಫ್ ಮಾಡಿ ಮುಸುಕು ಹಾಕಿಬಿಟ್ಟೆ. ಬೋರ್ಡು ಏರೋವರೆಗೂ ತೆಗೆಯೋ ಹಾಗಿಲ್ಲ ಅಂದ್ರೆ ತೆಗೆಯೋ ಹಾಗಿಲ್ಲ, ಅಷ್ಟೆ. ಸುದ್ದಿ ಈಗ ಊರಿಗೇ ಗೊತ್ತಾಯ್ತಲ್ಲ, ತಗೋ, ಕತ್ತರಿ. ಕತ್ತರಿಸು."

ಅಕ್ಕ ಕತ್ತರಿ ಹಿಡಿದಳು. ಕಣ್ಣಲ್ಲಿ ನೀರು ತುಂಬಿ ದಾರ ಕಾಣಲಿಲ್ಲ, ಎರಡು ಸಲ ಬರೀ ಗಾಳಿಯನ್ನು ಕತ್ತರಿಸಿದಳು. ಮೂರನೆಯ ಸಲ ತಮ್ಮ ಅವಳ ಕೈ ಹಿಡಿದು ಜಾಗ ತೋರಿಸಬೇಕಾಯಿತು. ಫೋನು ಹೊತ್ತಿಕೊಂಡಿತು. ಷೇರುಗಳೆಲ್ಲ ಇದ್ದಲ್ಲೇ ಇದ್ದವು, ಬೆಲೆ ಮಾತ್ರ ಇರಲಿಲ್ಲ. ಇಷ್ಟು ದೊಡ್ಡ ನಷ್ಟವನ್ನು ಇಷ್ಟು ಸಂತೋಷದಿಂದ ನೋಡಿದವರು ಆ ಪೇಟೆಯಲ್ಲಿ ಅವತ್ತು ಬೇರೆ ಯಾರೂ ಇದ್ದಿರಲಾರರು. ಅಕ್ಕ ಅತ್ತು ನಕ್ಕು, ತಮ್ಮನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಮೂರು ದಿನ ನನ್ನ ಪ್ರಾಣ ತಿಂದೆಯಲ್ಲೋ, ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ಅಂದಳು. ನೀನು ಕೇಳಲಿಲ್ಲವಲ್ಲ ಅಂದ ಅವನು.

ಮಂಗಳವಾರ ಬೋರ್ಡು ಇಳಿಸಲು ಹೋದರು. ಮೊದಲನೆಯ ಅಂಗಡಿಯಲ್ಲಿ ಕೌಂಟರಿನ ಹೆಂಗಸೊಬ್ಬಳು ತಾನಾಗಿಯೇ ಬಂದು ಏಣಿ ಹಿಡಿದುಕೊಂಡಳು. ಹದಿಮೂರು ವರ್ಷ ಆ ಬೋರ್ಡಿನ ಕೆಳಗೆ ಬಾಗಿಲು ತೆರೆದವಳು. ಹಿತ್ತಾಳೆಯ ಅಕ್ಷರಗಳು ಒಂದೊಂದೇ ಕೆಳಗೆ ಬಂದಾಗ ಅವನ್ನು ಸೆರಗಿನಿಂದ ಒರೆಸಿ ಗೋಡೆಗೆ ಒರಗಿಸಿದಳು.

"ನಮಗೂ ನಿನ್ನೆ ಬೆಳಿಗ್ಗೇನೇ ಗೊತ್ತಾಗಿದ್ದು" ಅಂದಳು.

ಅಕ್ಕ ತಲೆ ತಗ್ಗಿಸಿದಳು. ಇವಳಿಗಿಂತ ಐದು ದಿನ ಮುಂಚೆ ನಮಗೆ ಗೊತ್ತಿತ್ತು. ಆ ಐದು ದಿನವನ್ನು ದುಡ್ಡು ಮಾಡಿಕೊಂಡು ಈ ಏಣಿ ಹತ್ತಿದ್ದರೆ ಇವಳ ಮುಖ ಹೇಗೆ ನೋಡುತ್ತಿದ್ದೆ ಎಂದುಕೊಂಡಳು. ಕೆಲಸ ಮುಗಿದ ಮೇಲೆ, ನಾವು ಬೋರ್ಡು ಮಾಡಿಕೊಟ್ಟ ಒಂದು ಬಟ್ಟೆ ಅಂಗಡಿಯಲ್ಲಿ ಜನ ಬೇಕಾಗಿದ್ದಾರಂತೆ, ಇದೇನೂ ಗುಟ್ಟಲ್ಲ, ಬಾಗಿಲ ಮೇಲೇ ಅಂಟಿಸಿದ್ದಾರೆ ಎಂದು ವಿಳಾಸ ಹೇಳಿದಳು. ಆ ಹೆಂಗಸು ಮುಂದಿನ ತಿಂಗಳು ಅಲ್ಲಿಗೇ ಸೇರಿದಳು.

ಚಿಕ್ಕಮ್ಮನಿಗೆ ಈಗ ಎಲ್ಲ ಹೇಳಬಹುದಿತ್ತು, ಹೇಳಿದರು. ಅವರು ನಷ್ಟ ಎಷ್ಟು ಅಂತ ಕೇಳಲಿಲ್ಲ. ಬ್ಯಾಂಕಿನ ಅರ್ಧ ಅಲ್ಲೇ ಇದೆ ತಾನೆ ಎಂದರು. ಇತ್ತು. ಉಳಿದ ನಾಲ್ಕು ಕಂಪನಿಗಳೂ ಒಂದಿಷ್ಟು ಏರಿ ಒಂದಿಷ್ಟು ಇಳಿದು ಹೇಗೋ ನೆಟ್ಟಗಿದ್ದವು. ಅವನ್ನು ಮುಟ್ಟಲಿಲ್ಲ. ಬ್ಯಾಂಕಿನ ಹಣದಿಂದ ಬೇರೆಯವರು ಬಳಸಿ ಬಿಟ್ಟ ಒಂದು ಸಣ್ಣ ಯಂತ್ರ ತಂದರು. ಸಿಮೆಂಟಿನ ಕಟ್ಟೆಯ ಮೇಲೆ ಅದು ದೊಡ್ಡವರ ಅಂಗಿ ತೊಟ್ಟ ಮಗುವಿನ ಹಾಗೆ ಕಾಣುತ್ತಿತ್ತು. ಹಿತ್ತಾಳೆ ಅದಕ್ಕೆ ಆಗಿಬರುವುದಿಲ್ಲ, ಮರ ಮತ್ತು ತೆಳು ಹಾಳೆ ಮಾತ್ರ. ಅಷ್ಟಾದರೂ ತಮ್ಮನ ಕೈಗೆ ವಾರದಲ್ಲಿ ನಾಲ್ಕು ದಿನ ಬಿಡುವು ಸಿಕ್ಕಿತು. ಆರು ತಿಂಗಳಾದ ಮೇಲೆ ಅವನು ಲೋಟವನ್ನು ಬಲಗೈಯಲ್ಲಿ ಎತ್ತಿ ಬಲಗೈಯಲ್ಲೇ ಮುಗಿಸಿದ. ಅಕ್ಕ ನೋಡಿದಳು.

ಷೇರು ಕೊಳ್ಳುವುದನ್ನು ಬಿಟ್ಟರೇ ಅಂದರೆ ಇಲ್ಲ. ಆದರೆ ಮನೆಯ ಕಾನೂನಿಗೆ ಇನ್ನೆರಡು ಸಾಲು ಸೇರಿದವು. ಬೋರ್ಡು ನೋಡಿ ಕೊಳ್ಳುವಂತಿಲ್ಲ, ಕಂಪನಿಯ ವರ್ಷದ ವರದಿ ತರಿಸಿ ಓದಿ ಅರ್ಥವಾದ ಮೇಲೆಯೇ ಕೊಳ್ಳಬೇಕು, ಅರ್ಥವಾಗದಿದ್ದರೆ ಬಿಡಬೇಕು. ಮತ್ತೆ, ಯಾರ ಬೋರ್ಡು ನಾವು ಮಾಡುತ್ತೇವೋ ಅವರ ಷೇರು ನಮಗೆ ಬೇಡ. ಈ ಎರಡನೆಯದನ್ನು ಕೇಳಿ ತಮ್ಮ, ಹೀಗಾದರೆ ನಮ್ಮ ವ್ಯಾಪಾರ ಬೆಳೆದಷ್ಟೂ ಕೊಳ್ಳಲು ಕಂಪನಿಗಳೇ ಉಳಿಯುವುದಿಲ್ಲ ಅಂತ ತಕರಾರು ತೆಗೆದ. ಅಂಥ ಕಷ್ಟ ಬರಲಿ ಬಿಡೋ ಎಂದರು ಚಿಕ್ಕಮ್ಮ.

ವರದಿಗಳನ್ನು ಓದುವುದು ಮೊದಮೊದಲು ಅಕ್ಕನಿಗೆ ಕಬ್ಬಿಣದ ಕಡಲೆಯಾಯಿತು. ಎರಡು ವಾಕ್ಯ ಓದಿದರೆ ನಿದ್ದೆ. ಆದರೂ ಬಿಡಲಿಲ್ಲ. ಕೊನೆಗೆ ನೀರಿನ ಪಂಪು ಮಾಡುವ ಒಂದು ಸಾಧಾರಣ ಕಂಪನಿ ಅವಳಿಗೆ ಅರ್ಥವಾಯಿತು. ಸಾಲ ಕಡಿಮೆ, ಕೆಲಸಗಾರರ ಸಂಬಳ ಯಾವ ವರ್ಷವೂ ತಡವಾಗಿಲ್ಲ, ಒಂದು ವರ್ಷ ನಷ್ಟವಾದದ್ದನ್ನು ಮುಚ್ಚಿಡದೆ ಮೊದಲ ಪುಟದಲ್ಲೇ ಹೇಳಿಕೊಂಡಿದ್ದರು. ಅದರ ಬೋರ್ಡನ್ನು ತಮ್ಮ ಹೋಗಿ ನೋಡಿಬಂದ. ಇಷ್ಟು ಕೆಟ್ಟ ಬೋರ್ಡನ್ನು ಜೀವಮಾನದಲ್ಲಿ ನೋಡಿಲ್ಲ ಎಂದು ಹಣೆ ಚಚ್ಚಿಕೊಂಡ.

ಒಂದು ಬೆಳಿಗ್ಗೆ ಮೂವರೂ ಮತ್ತೆ ಮೇಜಿನ ಸುತ್ತ ಸೇರಿದರು. ತಮ್ಮ ಕೈ ತೊಳೆದು ಬಂದ. ಚಿಕ್ಕಮ್ಮ ಕನ್ನಡಕ ಒರೆಸಿಕೊಂಡರು. ಎಷ್ಟು ಎಂದು ತಮ್ಮ ಕೇಳಿದ. ಎರಡು ಅಂದಳು ಅಕ್ಕ.

ಒತ್ತುವ ಮುಂಚೆ ಅವಳು ಪರದೆಯ ಕೆಳಗೆ ನೋಡಿದಳು. ಈ ಸಲ ಕೊಳ್ಳುವವರ ಸಾಲಿನಲ್ಲಿ ನಿಂತವಳು ಅವಳೇ, ಆ ಕಡೆ ಮಾರುವವರು ಇದ್ದರು. ಹೆಸರಿಲ್ಲ, ಊರಿಲ್ಲ. ಅವರಿಗೆ ಏನು ಗೊತ್ತಿದೆಯೋ, ಯಾವ ಬಾವಿಯನ್ನು ಹಗಲಲ್ಲೇ ಕಂಡು ಬಂದಿದ್ದಾರೋ, ಯಾರು ಬಲ್ಲರು. ಆದರೆ ತಮ್ಮದೇ ಬಣ್ಣದ ಬೀರುವಿನಲ್ಲಿ ಒಂದು ಫೋನು ಮುಸುಕು ಹೊದ್ದು ಮಲಗಿದ್ದನ್ನು ಅವಳು ಕಂಡಿದ್ದಳು. ಒಂದು ಮನೆಯಲ್ಲಿ ಹಾಗೆ ಆಗಿದ್ದರೆ ಇನ್ನೊಂದು ಮನೆಯಲ್ಲೂ ಆಗಿರಬಹುದು.

ಅಕ್ಕ ಬೆರಳೂರಿದಳು.